ಅಡಿವೆಪ್ಪ ಭರಣಿಗಳಿಗೆ ಹೆಸರಿಟ್ಟದ್ದು

ಸಂಗತಿಗಳು ಇವು. ಬಣ್ಣಗಾರರ ಓಣಿಯಲ್ಲಿ ಒಂದು ಅಂಗಡಿ. ಒಡತಿ ಸಾತವ್ವ, ಗಂಡ ತೀರಿಕೊಂಡಿದ್ದಾನೆ, ಅಕ್ಷರ ಬಾರದು. ಮಗ ಅಡಿವೆಪ್ಪ, ವಯಸ್ಸು ಇಪ್ಪತ್ತೆರಡು, ಅಕ್ಷರ ಬರುತ್ತದೆ, ಬೇರೇನೂ ಬಾರದು. ಅಂಗಡಿಯಲ್ಲಿ ಆರು ಭರಣಿ. ಒಂದರಲ್ಲಿ ನೀಲಿ ಮೈಲುತುತ್ತ. ಐದರಲ್ಲಿ ಬಿಳಿ ಪುಡಿ: ಪಟಿಕ, ಬಿಳಿಗಾರ, ನವಸಾಗರ, ಪೆಟ್ಲುಪ್ಪು, ಬಿಳಿ ಪಾಷಾಣ. ಮೊದಲ ನಾಲ್ಕನ್ನು ಬಣ್ಣಗಾರರೂ ಅಕ್ಕಸಾಲಿಗರೂ ಒಯ್ಯುತ್ತಾರೆ. ಐದನೆಯದು ಚರ್ಮ ಹದ ಮಾಡುವವರಿಗೆಂದು ಗಂಡ ತರಿಸಿದ್ದು; ಚಿಟಿಕೆಯಷ್ಟು ಹೊಟ್ಟೆಗೆ ಹೋದರೆ ಮನುಷ್ಯ ಉಳಿಯುವುದಿಲ್ಲ. ಗಂಡ ಬರೆದಂಟಿಸಿದ ಹೆಸರುಗಳನ್ನು ಸಾತವ್ವ ಓದಲಾರಳು. ಭರಣಿ ನಿಂತ ಜಾಗವೇ ಅವಳಿಗೆ ಗುರುತು. ಕೊನೆಯ ಸಂಗತಿ, ಕಚೇರಿಯ ಆದೇಶ: ಸೋಮವಾರದೊಳಗೆ ಭರಣಿಗಳ ಮೇಲಿನ ಹಳೆಯ ಹೆಸರುಗಳನ್ನು ತೆಗೆದುಹಾಕತಕ್ಕದ್ದು, ಹೊಸ ಹೆಸರುಗಳನ್ನು ಬರೆಯತಕ್ಕದ್ದು. ತಪ್ಪಿದಲ್ಲಿ ಅಂಗಡಿಗೆ ಬೀಗ.

ಅಂಗಡಿ ಹೋದರೆ ಸಾತವ್ವನಿಗೆ ಅನ್ನವಿಲ್ಲ. ಅವಳ ಕೈಯಲ್ಲಿದ್ದ ಆಳು ಅಡಿವೆಪ್ಪನೊಬ್ಬನೇ.

ಗುರುವಾರ ಅವಳು ಚಿಟಿಕೆ ಮೈಲುತುತ್ತವನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. "ಹೈಸ್ಕೂಲಿನ ನಸೀಮಾ ಟೀಚರಿಗೆ ತೋರ್ಸು. ಹೊಸಾ ಹೆಸರು ಕೇಳು. ಹೆಸರನ್ನ ಬಾಯಾಗ ಇಟ್ಕೊಂಡು ಬಾ, ದಾರ್ಯಾಗ ಕಳೀಬ್ಯಾಡ!"

"ಆಗಲಿ ಯವ್ವಾ."

ರಸಾಯನಶಾಸ್ತ್ರ ಕಲಿಸುವ ನಸೀಮಾ ಟೀಚರು ಪುಡಿ ನೋಡಿದರು, 'ಕಾಪರ್ ಸಲ್ಫೇಟ್' ಎಂದು ಚೀಟಿ ಬರೆದುಕೊಟ್ಟರು. ಅಡಿವೆಪ್ಪ ಚೀಟಿಯನ್ನು ಮಡಿಚಿ ಬಾಯಲ್ಲಿಟ್ಟುಕೊಂಡ. ದಾರಿಯಲ್ಲಿ ಮಾತಾಡಿಸಿದವರಿಗೆಲ್ಲ "ಹೂಂ" ಎಂದ. ಮನೆಗೆ ಬಂದು ತಾಯಿಯ ಅಂಗೈಗೆ ಒಂದು ಒದ್ದೆ ಮುದ್ದೆ ಉಗುಳಿದ.

"ಎಲ್ಲೈತೋ ಹೆಸರು?"

"ಬಾಯಾಗ ಇತ್ತು ಯವ್ವಾ. ಅರ್ಧ ಒಳಗ ಹೋತು."

"ಹೆಸರು ಅಂದ್ರ ಉಪ್ಪಿನಕಾಯಿ ಏನೋ ಚೀಪಾಕ! ಹುಚ್ಚಪ್ಯಾಲಿ! ಚೀಟಿ ಕೈಗೆ ಬಂತಂದ್ರ ಭರಣಿಗೆ ಅಂಟಿಸಬೇಕು!"

"ಆಗಲಿ ಯವ್ವಾ."

ಶುಕ್ರವಾರ ಅವಳು ಪಟಿಕದ ಭರಣಿಯನ್ನೇ ಹೊರಿಸಿ ಟೀಚರ ಬಳಿಗೆ ಕಳಿಸಿದಳು. ಬಸ್ ನಿಲ್ದಾಣದಲ್ಲಿ ಒಬ್ಬ ಬಂದವರಿಗೆಲ್ಲ ಚೀಟಿ ಹಂಚುತ್ತಿದ್ದ. ಅಡಿವೆಪ್ಪನ ಕೈಗೂ ಒಂದು ಬಂತು. ಚೀಟಿ ಕೈಗೆ ಬಂತು! ಅವನು ಅದನ್ನು ಭರಣಿಗೆ ಅಂಟಿಸಿದ, ಕೆಲಸವಾಯಿತೆಂದು ತಿರುಗಿ ಮನೆಗೆ ನಡೆದ.

ಅಂಗಡಿಯ ಮುಂದೆ ಬಣ್ಣಗಾರ ಕಲ್ಲಪ್ಪ ಕುಳಿತಿದ್ದ. ಅವನು ಗಟ್ಟಿಯಾಗಿ ಓದಿದ: "ಎಮ್ಮೆ ಕಳೆದಿದೆ. ಬಲಗೊಂಬು ಮುರಿದಿದೆ. ಹುಡುಕಿಕೊಟ್ಟವರಿಗೆ ಬಹುಮಾನ." ಆಮೇಲೆ ಭರಣಿಯ ಮುಚ್ಚಳ ಎತ್ತಿ ಇಣುಕಿದ. "ಸಾತವ್ವಕ್ಕ, ಎಮ್ಮಿ ಕಾಣವಲ್ದು. ಕೊಂಬು ಇಷ್ಟ ಅರದು ಇಟ್ಟೀಯೇನ?"

ಸಾತವ್ವ ಹಣೆ ಬಡಿದುಕೊಂಡಳು. "ಬಂದ ಚೀಟಿ ಎಲ್ಲಾ ಅಂಟಿಸೋದಲ್ಲೋ ಮೂಳ! ಒಳಗ ಏನೈತಿ ನೋಡಬೇಕು, ಅದನ್ನ ಹೊರಗ ಬರೀಬೇಕು! ಆದೇಶದಾಗ ಹೆಂಗ ಹೇಳ್ಯಾರೋ ಹಂಗ ಮಾಡಬೇಕು!"

"ಆಗಲಿ ಯವ್ವಾ."

ಶನಿವಾರ ಸಾತವ್ವ ಸಂತೆಗೆ ಹೋದಳು. ಅಡಿವೆಪ್ಪ ಆದೇಶವನ್ನು ಮೂರು ಸಲ ಓದಿದ. ಆರು ಭರಣಿಗಳ ಹೊರಮೈಯನ್ನೂ ನೀರು ಹಾಕಿ ತಿಕ್ಕಿದ. ಅಪ್ಪನ ಅಕ್ಷರಗಳು ಕರಗಿ ಬಚ್ಚಲಿಗೆ ಹೋದವು. ಭರಣಿಗಳನ್ನು ಬಿಸಿಲಿಗೆ ಇಟ್ಟ, ಒಣಗಿದ ಮೇಲೆ ಕೈಗೆ ಸಿಕ್ಕ ಕ್ರಮದಲ್ಲಿ ಹಲಗೆಯ ಮೇಲೆ ಜೋಡಿಸಿದ. ಒಂದೊಂದರ ಒಳಗೂ ನೋಡಿದ, ನೋಡಿದ್ದನ್ನು ದುಂಡಗಿನ ಅಕ್ಷರದಲ್ಲಿ ಬರೆದ.

ಸಂತೆಯಿಂದ ಬಂದ ಸಾತವ್ವ ಸಾಲು ನೋಡಿ ಹಿಗ್ಗಿದಳು. "ಕಲ್ಲಪ್ಪಾ, ಓದೋ ನನ್ನ ಮಗ ಏನ ಬರ್ದಾನಂತ."

ಕಲ್ಲಪ್ಪ ಓದಿದ. "ನೀಲಿ ಪುಡಿ. ಬಿಳಿ ಪುಡಿ. ಬಿಳಿ ಪುಡಿ. ಬಿಳಿ ಪುಡಿ..." ನಗುತ್ತಿದ್ದವನು ಐದನೆಯದಕ್ಕೆ ಬಂದು ನಿಲ್ಲಿಸಿದ. ಸಾತವ್ವನ ಕೈಯ ಚೀಲ ಕೆಳಗೆ ಬಿತ್ತು.

"ಹಳೇ ಚೀಟಿ ಎಲ್ಲೋ?"

"ತೊಳದೆ. ತೆಗೆದುಹಾಕತಕ್ಕದ್ದು ಅಂತ ಬರ್ದೈತಿ."

"ಯಾರಿಗರ ಮಾರಿದೇನೋ? ಖರೇ ಹೇಳೋ!"

"ದ್ಯಾಮಕ್ಕ ಬಂದಿದ್ಳು. ಕೊಡದ ನೀರು ರಾಡಿ ಆಗೇತಿ, ಪಟಿಕ ಕೊಡು ಅಂದ್ಳು. ಕೊಟ್ಟೆ."

"ಯಾವ ಭರಣ್ಯಾಗಿಂದು?"

"ಬಿಳೀದು, ಯವ್ವಾ."

ಸಾತವ್ವ ಓಡಿದಳು. ಕಲ್ಲಪ್ಪ ನಸೀಮಾ ಟೀಚರನ್ನು ಕರೆತರಲು ಸೈಕಲ್ ಹತ್ತಿದ. ಅದೇ ಓಣಿಯ ದ್ಯಾಮಕ್ಕನ ಮನೆಯಲ್ಲಿ ಏಳು ಜನ, ಒಂದೇ ಕೊಡ. ಮುದುಕ ಮಾವ ಕೊಡದ ಮುಂದೆ ಕುಳಿತು ತಂಬಿಗೆ ಅದ್ದುತ್ತಿದ್ದ.

"ಕುಡೀಬ್ಯಾಡ್ರಿ!" ಸಾತವ್ವ ತಂಬಿಗೆಗೆ ಕೈ ಹಾಕಿದಳು. "ಯಾರರ ಕುಡದ್ರೇನ್ರಿ? ಒಂದು ಗುಟುಕು?"

"ಇಲ್ಲಬೇ. ರಾಡಿ ತಿಳಿಯಾಗಲಿ ಅಂತ ಈಗಷ್ಟ ಹಾಕೇನಿ," ಎಂದಳು ದ್ಯಾಮಕ್ಕ. ಸಾತವ್ವ ಕಾರಣ ಹೇಳಿದಳು. ದ್ಯಾಮಕ್ಕ ಮಕ್ಕಳನ್ನು ಎಣಿಸಿಕೊಂಡಳು.

ಟೀಚರು ಬಂದರು, ಕೊಡದೊಳಗೆ ನೋಡಿದರು. ನೀರು ಇನ್ನೂ ಕದಡಿತ್ತು. "ಪಟಿಕ ಇದ್ರ ಕಾಲು ತಾಸಿನಾಗ ರಾಡಿ ತಳಕ್ಕ ಕೂಡ್ತದ. ಪಾಷಾಣಕ್ಕ ಆ ಗುಣ ಇಲ್ಲ. ಕಾಯೋಣ."

ಹತ್ತು ಜನ ಒಂದು ಕೊಡದ ಸುತ್ತ ನಿಂತರು. ನೀರು ಕದಡಿಯೇ ಇತ್ತು. ಸಾತವ್ವನಿಗೆ ಗಂಡ ನೆನಪಾದ. ಪಾಷಾಣ ತರಿಸಿದ್ದಕ್ಕೆ ಅವನ ಮೇಲೆ ಸಿಟ್ಟು ಬಂತು. ಮೇಲುಗಡೆ ಒಂದು ಬೆರಳಿನಷ್ಟು ನೀರು ತಿಳಿಯಾಯಿತು, ಆಮೇಲೆ ಗೇಣಿನಷ್ಟು. ಕೊನೆಗೆ ಕೊಡದ ತಳ ಕಂಡಿತು.

"ಪಟಿಕ," ಎಂದರು ಟೀಚರು. "ಆದ್ರೂ ದೂರ ಗುಂಡಿ ತೋಡಿ ಚೆಲ್ರಿ. ಅಂಗಡ್ಯಾಗ ಒಂದ ಚಮಚ ಎಲ್ಲಾ ಭರಣ್ಯಾಗ ಆಡೇತಿ."

ಭಾನುವಾರ ಅವರೇ ಅಂಗಡಿಗೆ ಬಂದು ಬಾಗಿಲು ಕಿಟಕಿ ತೆರೆಸಿದರು. ಐದು ಲೋಟ ನೀರು, ಐದು ಚಿಟಿಕೆ. ನಾಲ್ಕು ಕರಗಿದವು, ಒಂದು ತಳ ಬಿಟ್ಟು ಏಳಲಿಲ್ಲ. ಅದರ ಭರಣಿಯನ್ನು ಬೇರೆ ಇರಿಸಿದರು. ಕೆಂಡದ ಮೇಲೆ ಚಟಚಟ ಉರಿದದ್ದು ಪೆಟ್ಲುಪ್ಪು. ಸುಣ್ಣದೊಡನೆ ತಿಕ್ಕಿದಾಗ ಮೂಗಿಗೆ ಚುಚ್ಚಿದ್ದು ನವಸಾಗರ. ರಾಡಿ ನೀರನ್ನು ತಿಳಿಮಾಡಿದ್ದು ಪಟಿಕ. ಉಳಿದದ್ದು ಬಿಳಿಗಾರ. ಒಂದೊಂದಕ್ಕೂ ಎರಡೆರಡು ಹೆಸರು ಬರೆದರು: ಓಣಿ ಕರೆಯುವ ಹೆಸರು ಮೇಲೆ, ಕಚೇರಿ ಕೇಳುವ ಹೆಸರು ಕೆಳಗೆ. ಬೇರೆ ಇರಿಸಿದ ಪಾಷಾಣದ ಭರಣಿಗೆ ಇನ್ನೊಂದು ಚೀಟಿ: ವಿಷ. ಅದಕ್ಕೆ ಬೀಗ ಬಿತ್ತು.

ಆಮೇಲೆ ಅಡಿವೆಪ್ಪನ ಕಡೆ ತಿರುಗಿದರು. "ಏಳು ಜೀವ ಹೋಗ್ತಿದ್ದವು, ತಿಳೀತೇನು? ಹೆಸರು ತಿಳೀದ್ದು ಕಂಡ್ರ ಮೊದಲು ಹೆಸರು ಕೇಳು. ಎರಡು ಸಲ ಕೇಳು. ಸಿಗಲಿಲ್ಲಂದ್ರ ಅದು ವಿಷಾನ. ಎದ್ದು ಕಾಣೋ ಹಂಗ 'ವಿಷ' ಅಂತ ಚೀಟಿ ಅಂಟಿಸು!"

"ಆಗಲಿ ಟೀಚರ."

ಸೋಮವಾರ ಅಧಿಕಾರಿ ಬಂದ. ಭರಣಿಗಳನ್ನು ನೋಡಿದ. "ಹಳೆಯ ಹೆಸರುಗಳು ಇನ್ನೂ ಇವೆ."

"ಮಂದಿ ಕೇಳೋದು ಅವನ್ನ ರೀ ಸಾಹೇಬರ. ಅವು ಇಲ್ಲದಕ್ಕ ಮೊನ್ನೆ ಏಳು ಜೀವ..." ಎಂದಳು ಸಾತವ್ವ.

"ಆದೇಶದಲ್ಲಿ ಏಳು ಜೀವಗಳ ಪ್ರಸ್ತಾಪವಿಲ್ಲ." ಅವನು ಕುರ್ಚಿ ಎಳೆದುಕೊಂಡು, ಮೇಜಿನ ಮೇಲೆ ಬಾಗಿ, ಬೀಗ ಹಾಕುವ ಪಂಚನಾಮೆ ಬರೆಯತೊಡಗಿದ.

ಅಡಿವೆಪ್ಪ ಹತ್ತಿರ ಬಂದ. "ಸಾಹೇಬರ, ನಿಮ್ಮ ಹೆಸರೇನ್ರಿ?"

"ನಿನಗೇಕೆ?"

"ಸಾಹೇಬರ, ನಿಮ್ಮ ಹೆಸರೇನ್ರಿ?"

"ಹೇಳುವುದಿಲ್ಲ. ಏನು ಮಾಡುತ್ತೀಯೆ?"

"ಆಗಲಿ ರೀ."

ಅಧಿಕಾರಿಗೆ ಬೆನ್ನ ಮೇಲೆ ಯಾರೋ ತಟ್ಟಿದಂತಾಯಿತು. ಧೂಳು ಕೊಡವುತ್ತಿದ್ದಾನೆಂದು ತಿಳಿದು ಸುಮ್ಮನಿದ್ದ. ಅಂಥ ಸೇವೆಗೆ ಅವನು ಒಗ್ಗಿದ್ದ. ಪಂಚನಾಮೆಗೆ ಓಣಿಯ ಇಬ್ಬರು ಪಂಚರ ಸಹಿ ಬೇಕು. ಕಾಗದ ಹಿಡಿದು ಹೊರಟ.

ಕಲ್ಲಪ್ಪ ಹೆದರಿ ಪೆನ್ನು ಹಿಡಿದಿದ್ದ. ಅಧಿಕಾರಿ ಅಂಗಡಿಯ ಕಡೆ ಕೈ ತೋರಿಸಲು ತಿರುಗಿದ. ಕಲ್ಲಪ್ಪ ಬೆನ್ನನ್ನು ಓದಿದ, ಪೆನ್ನು ಕೆಳಗಿಟ್ಟ. "ಕೈ ಸೆಳೀತದ್ರಿ. ಸಹಿ ಆಗಂಗಿಲ್ಲ." ದ್ಯಾಮಕ್ಕನ ಮಕ್ಕಳು ಆ ಎರಡಕ್ಷರ ಕೂಡಿಸಿ ಓದಿ ಕೂಗಿದರು, ಅವಳು ಅವರನ್ನು ಒಳಗೆಳೆದು ಅಗುಳಿ ಹಾಕಿದಳು. ಒಂದರ ಹಿಂದೆ ಒಂದು ಬಾಗಿಲು ಮುಚ್ಚಿತು. ಚಹಾದವನು ಅಧಿಕಾರಿ ಕುಡಿದ ಗಾಜಿನ ಲೋಟವನ್ನು ಅವನ ಕಣ್ಣೆದುರೇ ಕಲ್ಲಿಗೆ ಬಡಿದು ಒಡೆದ. ಸಂಜೆಯವರೆಗೆ ಓಣಿ ಸುತ್ತಿದರೂ ಒಬ್ಬ ಪಂಚ ಸಿಗಲಿಲ್ಲ. ಪಂಚರಿಲ್ಲದೆ ಬೀಗವಿಲ್ಲ. ಅವನು ಬಸ್ ಹತ್ತಿದ. ಅವನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.

"ಏನ ಅಂಟಿಸಿದ್ಯೋ ಅವರ ಬೆನ್ನಿಗೆ?" ಎಂದಳು ಸಾತವ್ವ.

"ಎರಡು ಸಲ ಕೇಳಿದೆ ಯವ್ವಾ. ಹೆಸರು ಸಿಗಲಿಲ್ಲ."

ಓದಿದವರಲ್ಲಿ ಒಂದು ವಿನಂತಿ. ಈ ಕತೆಯನ್ನು ಅಂಗಡಿ ಇಟ್ಟವರಿಗೆ ದಾಟಿಸಿ, ಆದೇಶ ಬರೆಯುವವರಿಗೆ ತಪ್ಪದೆ ದಾಟಿಸಿ. ದಾಟಿಸುವಾಗ ಭರಣಿಗಳ ಹೆಸರು ಎರಡನ್ನೂ ಹೇಳಿ. ಅಧಿಕಾರಿಯ ಹೆಸರು ಕೇಳಿದರೆ, ಅಡಿವೆಪ್ಪ ಬರೆದದ್ದನ್ನೇ ಹೇಳಿ.