ಕಹಿ ತಿಳಿಯದ ಊರು

ಕಪಿಲಾ ನದಿಯ ದಡದಲ್ಲಿ ಶಂಭುಲಿಂಗಯ್ಯ ಮೇಷ್ಟ್ರ ಕುಟೀರ. ಪ್ರಶ್ನೆ ಹೊತ್ತುಕೊಂಡು ಅಲ್ಲಿಗೆ ಹೋದವರು ಮೊದಲು ಒಂದು ಲೋಟ ಕಷಾಯ ಕುಡಿಯಬೇಕು. ಮಾತೇನಿದ್ದರೂ ಆಮೇಲೆ.

ಅವತ್ತು ಬಂದವಳು ವನಮಾಲಾ. ಮೇಷ್ಟ್ರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರ ಕೈಕೆಳಗೆ ಸಂಶೋಧನೆ ಮಾಡಿದವಳು. ಈಗ ಅವಳಿಗೇ ಐವತ್ತೊಂಬತ್ತು. ಅವಳ ಹೆಸರು ಹೇಳಿದರೆ ದೊಡ್ಡ ದೊಡ್ಡ ವಿಜ್ಞಾನಿಗಳು ಎದ್ದು ಕೈ ಮುಗಿಯುತ್ತಾರೆ.

ಮೇಷ್ಟ್ರು ಏಳಲಿಲ್ಲ. ಕಷಾಯ ಬಗ್ಗಿಸಿ, ಎರಡೂ ಕೈಯಲ್ಲಿ ಲೋಟ ಹಿಡಿದು ಅವಳ ಮುಂದೆ ಚಾಚಿದರು.

ಅವಳು ಕುಡಿದಳು.

"ಹೇಗಿದೆ?"

"ಚೆನ್ನಾಗಿದೆ ಮೇಷ್ಟ್ರೇ."

"ಹೂಂ. ಏನು ಬಂದೆ?"

"ತಲೆ ಕೆಟ್ಟುಹೋಗಿದೆ ಮೇಷ್ಟ್ರೇ. ಒಬ್ಬ ಮನುಷ್ಯನ ಹುಟ್ಟುಗುಣ ನಡುವಯಸ್ಸು ದಾಟಿದ ಮೇಲೆ ಬದಲಾಗುತ್ತಾ?"

"ನೀನೇ ಅದರಲ್ಲಿ ಪಂಡಿತೆ. ನನ್ನ ಕೇಳ್ತೀಯಲ್ಲ."

"ಬದಲಾಗಲ್ಲ ಅಂತ ಮೂವತ್ತು ವರ್ಷ ನಾನೇ ಪಾಠ ಹೇಳಿದ್ದೀನಿ. ಈಗ ಒಂದು ಊರಿಗೆ ಊರೇ ಬದಲಾಗಿ ಕೂತಿದೆ."

ಅವಳ ಕೆಲಸವೇ ಅದು. ಅಪ್ಪ ಅಮ್ಮನಿಂದ ಮಕ್ಕಳಿಗೆ ಯಾವ ಗುಣ ಇಳಿದು ಬರುತ್ತದೆ, ಈ ಊರಿನ ಜನಕ್ಕೂ ಆ ಊರಿನ ಜನಕ್ಕೂ ಅದರಲ್ಲಿ ಏನು ವ್ಯತ್ಯಾಸ ಎಂದು ಊರೂರು ಅಲೆದು ಬರೆದುಕೊಳ್ಳುವುದು. ಕಿವಿಯ ಹಾಲೆ ನೋಡಿದಳು, ಬೆರಳಚ್ಚು ನೋಡಿದಳು, ಬಣ್ಣ ಗುರುತಿಸುವ ಕಣ್ಣು ನೋಡಿದಳು. ಹೆಸರು ತಂದುಕೊಟ್ಟದ್ದು ಮಾತ್ರ ಒಂದು ಕಾಗದದ ಚೂರು.

ಆ ಚೂರನ್ನು ಒಂದು ರಾಸಾಯನಿಕದಲ್ಲಿ ಅದ್ದಿ ಒಣಗಿಸಿರುತ್ತಾರೆ. ನಾಲಿಗೆಯ ಮೇಲಿಟ್ಟರೆ ಕೆಲವರಿಗೆ ಸಹಿಸಲಾಗದ ಕಹಿ. ಕೆಲವರಿಗೆ ಬರೀ ಕಾಗದ, ರುಚಿಯೇ ಇಲ್ಲ. ಇದು ಹುಟ್ಟಿನಿಂದ ಬಂದದ್ದು, ಎಲ್ಲ ಜನಾಂಗದಲ್ಲೂ ಇಬ್ಬಗೆಯವರೂ ಇರುತ್ತಾರೆ.

ಕಲ್ಲುಬಾವಿಹಟ್ಟಿಯಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ನೂರ ನಲವತ್ತಮೂರು ಜನ ಚೂರು ನೆಕ್ಕಿದರು. ನೂರ ನಲವತ್ತಮೂರು ಜನಕ್ಕೂ ಕಹಿ ತಿಳಿಯಲಿಲ್ಲ.

ವನಮಾಲಾಗೆ ಆಗ ಇಪ್ಪತ್ತಾರು. ಪ್ರಬಂಧ ಬರೆದಳು. ಅದು ಪುಸ್ತಕವಾಯಿತು, 'ಕಹಿ ತಿಳಿಯದ ಊರು' ಎಂದು. ಕೆಲಸ, ಪದವಿ, ದೇಶ ವಿದೇಶ ಎಲ್ಲ ಆ ಪುಸ್ತಕದ ಹಿಂದೆಯೇ ಬಂದವು. ಬರುವ ತಿಂಗಳು ಅವಳ ನಿವೃತ್ತಿ. ಆ ಸಮಾರಂಭಕ್ಕೆಂದು ಪುಸ್ತಕ ಮತ್ತೆ ಅಚ್ಚಿಗೆ ಹೋಗುವುದರಲ್ಲಿತ್ತು.

ಅಷ್ಟರಲ್ಲಿ ಒಂದು ಕಾಗದ ಬಂತು.

ಅವಳು ಚೀಲದಿಂದ ಅದನ್ನು ತೆಗೆದು ಓದಿದಳು.

"ಮೇಡಂ, ನಾನು ಕಲ್ಲುಬಾವಿಹಟ್ಟಿ ಮರಿಸಿದ್ದಜ್ಜನ ಮೊಮ್ಮಗಳು ಮಾದೇವಿ. ನಮ್ಮೂರಲ್ಲೇ ನರ್ಸು. ನೀವು ನಮ್ಮನೇಲಿ ಒಂದು ತಿಂಗಳು ಇದ್ದಿರಂತೆ. ನಿಮ್ಮ ಪುಸ್ತಕ ಬಂದ ಮೇಲೆ ಸುತ್ತಮುತ್ತಲಿನ ಊರಿನೋರು ನಮ್ಮನ್ನ ಸಪ್ಪೆ ನಾಲಿಗೆಯೋರು ಅಂತಾರೆ. ನನಗೆ ಬಂದ ಎರಡು ಸಂಬಂಧ ಮುರಿದುಹೋಯ್ತು. ಹುಟ್ಟೋ ಮಕ್ಕಳಿಗೂ ಅದೇ ಬಂದರೆ ಅಂತಾರೆ. ಪುಸ್ತಕದಲ್ಲೇ ಅಚ್ಚಾಗಿದೆ ಅಂತಾರೆ. ಈಗ ಮೂರನೇದು ಬಂದಿದೆ. ನನ್ನ ನಾಲಿಗೆ ಸರಿಯಾಗಿದೆ ಮೇಡಂ. ಆ ಚೂರು ಕಳಿಸಿ, ತಿಂದು ತೋರಿಸ್ತೀನಿ."

"ಕಳಿಸಿದೆಯಾ?" ಮೇಷ್ಟ್ರು ಕೇಳಿದರು.

"ಇನ್ನೂರು ಚೂರು ಕಳಿಸಿದೆ. ಅವಳೇ ಮನೆಮನೆಗೆ ಹೋಗಿ ಕೊಟ್ಟಳು. ಮುಕ್ಕಾಲು ಪಾಲು ಜನ ಕಹಿ ಅಂದಿದ್ದಾರೆ. ಉಳಿದ ಊರಿನವರ ಹಾಗೇ."

"ಹೊಸಬರು ಮದುವೆಯಾಗಿ ಬಂದಿರಬಹುದು."

"ಹಳಬರೂ ಅಂದಿದ್ದಾರೆ. ಮರಿಸಿದ್ದಜ್ಜ ನನ್ನ ಪಟ್ಟಿಯಲ್ಲಿ ಮೊದಲನೇ ಹೆಸರು. ಕಹಿ ತಿಳಿಯದು ಅಂತ ನನ್ನ ಕೈಯಾರೆ ಬರೆದಿದ್ದೀನಿ. ಈಗ ಅದೇ ಅಜ್ಜ ಥೂ ಅಂತ ಉಗಿದು, ಇಂಥದ್ದನ್ನ ಯಾರಾದರೂ ಬಾಯಿಗೆ ಕೊಡ್ತಾರೇನೇ ಅಂತ ಮೊಮ್ಮಗಳಿಗೆ ಬೈದನಂತೆ."

ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ರಕ್ತ ಸುಳ್ಳು ಹೇಳಲ್ಲ ಮೇಷ್ಟ್ರೇ. ಹಾಗಾದರೆ ಸುಳ್ಳು ಹೇಳಿದ್ದು ಯಾರು? ಆ ಹುಡುಗಿನಾ? ಅಜ್ಜನಾ? ನನಗೆ ಒಂದೂ ತಿಳೀತಿಲ್ಲ. ಬುಧವಾರ ಪುಸ್ತಕ ಅಚ್ಚಿಗೆ ಹೋಗುತ್ತೆ. ಬಿಟ್ಟರೆ ಆ ಹುಡುಗಿ ಬದುಕು ಹಾಳು. ತಡೆದರೆ ನನ್ನ ಬದುಕೆಲ್ಲ ಆ ನೂರ ನಲವತ್ತಮೂರು ಜನರ ಮೇಲೇ ನಿಂತಿದೆ."

"ಆ ಪಟ್ಟಿ ಇದೆಯಾ?"

ಹಳೇ ನೋಟುಬುಕ್ಕು. ರಟ್ಟು ಸವೆದು ದಾರ ಕಾಣುತ್ತಿತ್ತು. ಮೇಷ್ಟ್ರು ಅದನ್ನು ತೊಡೆಯ ಮೇಲಿಟ್ಟುಕೊಂಡು ಪುಟ ಮಗುಚಿದರು.

"ಉಳಿದ ಊರುಗಳಲ್ಲಿ ಎಲ್ಲಿ ಇಳಿದುಕೊಳ್ತಿದ್ದೆ?"

"ಶಾಲೆಯ ಜಗಲಿ. ಸಂಜೆ ಬಸ್ಸಿಗೆ ವಾಪಸ್ಸು."

"ಇಲ್ಲಿ?"

"ಬಂದ ದಿನವೇ ಜ್ವರ ಬಂತು. ಮರಿಸಿದ್ದಜ್ಜನ ಮನೆಯವರು ಒಳಗೆ ಕರೆದು ಮಲಗಿಸಿದರು. ಆ ಮನೆ ಅವ್ವ ಗಂಜಿ ಕಾಯಿಸಿ ಕುಡಿಸಿದಳು, ತಲೆ ಬಾಚಿ ಜಡೆ ಹಾಕಿದಳು. ಊರವರೆಲ್ಲ ದಿನಕ್ಕೊಬ್ಬರಂತೆ ಬಂದು ಹೇಗಿದೀಯವ್ವ ಅಂತ ಕೇಳಿಕೊಂಡು ಹೋಗ್ತಿದ್ದರು. ಹೊರಡೋ ದಿನ ಎಲ್ಲರೂ ಅಂಗಳದಲ್ಲಿ ಸೇರಿದ್ದರು. ಅವತ್ತೇ ಚೂರು ಹಂಚಿದೆ."

"ಹೇಗೆ ಹಂಚಿದೆ?"

"ಹೇಗೆ ಅಂದರೆ? ಒಬ್ಬೊಬ್ಬರಿಗೂ ನಾನೇ ಕೊಟ್ಟೆ. ಹಿರಿಯರಲ್ವಾ, ಎರಡೂ ಕೈಯಲ್ಲಿ."

"ಅವರು ಏನಂದರು?"

"ಚೆನ್ನಾಗಿದೆ ಕಣವ್ವ ಅಂದರು."

"ನೀನು ಏನು ಬರಕೊಂಡೆ?"

"ಕಹಿ ತಿಳಿಯದು ಅಂತ."

ಮೇಷ್ಟ್ರು ಕೈ ಚಾಚಿ ಅವಳ ಪೆನ್ನು ಇಸಕೊಂಡರು. ಪಟ್ಟಿಯ ಕೊನೆಯ ಪುಟ ತೆಗೆದರು. ನೂರ ನಲವತ್ತಮೂರನೇ ಹೆಸರಿನ ಕೆಳಗೆ, ನಿಧಾನವಾಗಿ ಏನೋ ಬರೆದು ಅವಳ ಕಡೆ ತಿರುಗಿಸಿದರು.

ನೂರ ನಲವತ್ತನಾಲ್ಕು. ವನಮಾಲಾ. ವಯಸ್ಸು ಐವತ್ತೊಂಬತ್ತು. ಕಹಿ ತಿಳಿಯದು.

ಅವಳು ಕಕ್ಕಾಬಿಕ್ಕಿಯಾದಳು.

"ಇದೇನು ಮೇಷ್ಟ್ರೇ? ನನಗೆ ಕಹಿ ಚೆನ್ನಾಗಿ ತಿಳಿಯುತ್ತೆ."

"ಕಷಾಯ ಚೆನ್ನಾಗಿದೆ ಅಂದೆ. ಅದು ಬರೀ ನೆಲಬೇವು. ಒಂದು ಚೂರೂ ಬೆಲ್ಲ ಹಾಕಿಲ್ಲ."

"ಅಯ್ಯೋ, ಪ್ರಾಣ ಹೋಗೋಷ್ಟು ಕಹಿ ಇತ್ತು ಮೇಷ್ಟ್ರೇ. ಕುಡಿದು ಮುಗಿಸೋ ಹೊತ್ತಿಗೆ ಕಣ್ಣಲ್ಲಿ ನೀರು ಬಂತು."

"ಮತ್ತೆ ಚೆನ್ನಾಗಿದೆ ಅಂದೆ?"

"ನೀವು ಕೊಟ್ಟಿದ್ದಲ್ವಾ…"

ಅವಳ ಕಣ್ಣು ಮತ್ತೆ ಪಟ್ಟಿಯ ಮೇಲೆ ಬಿತ್ತು.

ಆ ಅಂಗಳ ನೆನಪಾಯಿತು. ಸಾಲಾಗಿ ನಿಂತು ಚೂರು ಬಾಯಿಗಿಟ್ಟುಕೊಂಡ ಜನ, ಒಬ್ಬರೂ ಮುಖ ಸಿಂಡರಿಸಿರಲಿಲ್ಲ. ಅವ್ವ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿದ್ದಳು. ಮಗಳು ಹೊರಟಳು ಎಂದು ಅಳುತ್ತಿದ್ದಾಳೆ ಎಂದುಕೊಂಡಿದ್ದಳು ಇವಳು. ಅಳುತ್ತಿದ್ದಳೋ ಉಗಿಯಲು ಹೋದಳೋ, ಈಗ ಹೇಗೆ ತಿಳಿಯಬೇಕು? ಅವಳು ತೀರಿಕೊಂಡೇ ಹನ್ನೆರಡು ವರ್ಷವಾಗಿತ್ತು.

ವನಮಾಲಾಗೆ ನಾಚಿಕೆಯಾಯಿತು. ನಗುವೂ ಬಂತು. ಯಾವುದನ್ನು ಮೊದಲು ಹಿಡಿಯಬೇಕೋ ತೋಚಲಿಲ್ಲ.

"ಬರಿ," ಎಂದರು ಮೇಷ್ಟ್ರು.

ಅವಳು ಅಲ್ಲೇ ಜಗಲಿಯ ಮೇಲೆ ಕೂತು ಪ್ರಕಾಶಕರಿಗೆ ಕಾಗದ ಬರೆದು ತಂದಳು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು.

"ಆ ಕಾಲದ ಚೂರುಗಳ ಗುಣಮಟ್ಟದಲ್ಲಿ ದೋಷವಿದ್ದಿರಬಹುದು… ಅಲ್ಲಮ್ಮಾ, ಪಾಪ, ಆ ಚೂರು ಏನು ಮಾಡ್ತು ನಿನಗೆ?"

ಅವಳು ಹರಿದುಹಾಕಿ ಇನ್ನೊಂದು ಬರೆದಳು.

"ಗ್ರಾಮಸ್ಥರು ನಿಜವಾದ ಉತ್ತರ ಕೊಡದೇ ಇದ್ದುದರಿಂದ… ಅವರು ಏನು ಮಾಡಿದರು?"

ಅವಳಿಗೆ ಸಿಟ್ಟು ಬಂತು. "ಮತ್ತೆ ಏನಂತ ಬರೀಲಿ ಮೇಷ್ಟ್ರೇ?"

ಮೇಷ್ಟ್ರು ಎದ್ದು ಹೋಗಿ ಒಲೆಯ ಮೇಲಿನ ಪಾತ್ರೆ ತೊಳೆಯತೊಡಗಿದರು.

ಮೂರನೆಯದನ್ನು ಬರೆಯುವಷ್ಟರಲ್ಲಿ ಬಿಸಿಲು ಜಗಲಿಯಿಂದ ಇಳಿದು ಮೆಟ್ಟಿಲಿಗೆ ಹೋಗಿತ್ತು. ಈ ಸಲ ಅವಳೇ ಓದಿದಳು.

"ನಾನು ಅವರ ಮನೆಯಲ್ಲಿ ಒಂದು ತಿಂಗಳು ಉಂಡೆ. ಆಮೇಲೆ ನನ್ನ ಕೈಯಿಂದಲೇ ಕಹಿ ಕೊಟ್ಟು, ಹೇಗಿದೆ ಎಂದು ನಾನೇ ಕೇಳಿದೆ. ನನ್ನ ಮನಸ್ಸು ನೋಯಬಾರದೆಂದು ಅವರು ಚೆನ್ನಾಗಿದೆ ಅಂದರು. ಅದನ್ನು ಅವರ ಹುಟ್ಟುಗುಣ ಎಂದು ಬರೆದುಕೊಂಡವಳು ನಾನು. ಕಲ್ಲುಬಾವಿಹಟ್ಟಿಯವರ ನಾಲಿಗೆ ಎಲ್ಲರ ನಾಲಿಗೆಯಂತೆಯೇ ಇದೆ. ಪುಸ್ತಕವನ್ನು ಮತ್ತೆ ಅಚ್ಚು ಮಾಡಬೇಡಿ. ಈ ಕಾಗದವನ್ನು ಅಚ್ಚು ಮಾಡಿ."

"ಮಾದೇವಿಗೆ?"

"ಅವಳಿಗೂ ಒಂದು ಪ್ರತಿ, ನನ್ನ ಸಹಿ ಹಾಕಿ. ಗಂಡಿನ ಕಡೆಯವರಿಗೆ ತೋರಿಸಲಿ. ಸಾಲದಿದ್ದರೆ ನಾನೇ ಹೋಗಿ ಹೇಳ್ತೀನಿ."

ಮೇಷ್ಟ್ರು ತಲೆಯಾಡಿಸಿದರು.

ಅವಳು ನೋಟುಬುಕ್ಕು ಚೀಲಕ್ಕೆ ಹಾಕಿಕೊಂಡಳು. ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ನಾಲ್ಕು ಮೆಟ್ಟಿಲು ಇಳಿದವಳು ಅಲ್ಲೇ ನಿಂತಳು. ಕಾಗದ ಬರೆಯುವಾಗಿನಿಂದ ಒಂದು ಮಾತು ಮನಸ್ಸನ್ನು ಕೊರೆಯುತ್ತಿತ್ತು. ಕೇಳದೆ ಹೋಗಲು ಕಾಲು ಬರಲಿಲ್ಲ.

"ಮೇಷ್ಟ್ರೇ, ನನ್ನ ಪ್ರಬಂಧ ಮೊದಲು ಓದಿದವರು ನೀವು. ನೂರ ನಲವತ್ತಮೂರಕ್ಕೆ ನೂರ ನಲವತ್ತಮೂರು. ನಿಮಗೆ ಅನುಮಾನ ಬರಲಿಲ್ವಾ?"

"ಬಂತು."

"ಮತ್ತೆ ಅವತ್ತು ಚೆನ್ನಾಗಿದೆ ಅಂದಿರಲ್ಲ?"

ಮೇಷ್ಟ್ರು ತೊಳೆದ ಲೋಟವನ್ನು ಜಗಲಿಯ ಮೇಲೆ ಬೋರಲು ಹಾಕಿದರು.

"ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟೆಯಲ್ಲಮ್ಮಾ."