ಇಪ್ಪತ್ತೊಂದು ರೊಟ್ಟಿ

ನಿಂಗಯ್ಯ ಎಂಬ ಶಿಷ್ಯ ಹಲಗೆ ಹಿಡಿದು ಬಂದು ಕೇಳಿದ: "ಗುರುಗಳೇ, ನೀವು ಮಾತಿನಲ್ಲಿ ಕೊಟ್ಟ ಲೆಕ್ಕವನ್ನು ಸಮೀಕರಣವಾಗಿ ಬರೆದೆ. ಉತ್ತರ ಭಿನ್ನರಾಶಿ ಬಂತು. ನೀವು ಹೇಳಿದ ಕೊನೆಯ ಸಾಲನ್ನು ಬಿಟ್ಟು ಬರೆದೆ. ಪೂರ್ಣ ಸಂಖ್ಯೆ ಬಂತು, ತಾಳೆಯೂ ಆಯಿತು. ಹಾಗಾದರೆ ಆ ಸಾಲೇ ತಪ್ಪಲ್ಲವೇ?"

ಗುರುಗಳಿಗೆ ನಿಂಗಯ್ಯನನ್ನು ಕಂಡರೆ ಪ್ರೀತಿ. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಕುಂಬಾರ. ಅವನಿಗೆ ಹೆಂಡತಿ, ಮೂವರು ಗಂಡುಮಕ್ಕಳು. ಹಿರಿಯ ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಸೊಸೆ ಲೆಕ್ಕ ಬಲ್ಲವಳು. ಗಡಿಗೆ ಕೊಳ್ಳಲು ಬಂದವರು ಗಡಿಗೆ ನೋಡುವ ಮುಂಚೆ ಸೊಸೆಯ ಗುಣಗಾನ ಕೇಳಲೇಬೇಕಾಗಿತ್ತು.

ಒಂದು ದಿನ ಕುಂಬಾರನಿಗೆ ಅವಳ ಜಾಣತನವನ್ನು ಕಣ್ಣಾರೆ ನೋಡುವ ಆಸೆಯಾಯಿತು. ಒಲೆಯ ಮುಂದೆ ಕೂತಿದ್ದವಳಿಗೆ ಒಂದು ಲೆಕ್ಕ ಕೊಟ್ಟ. ಈ ಹಿಟ್ಟಿಗೆ ಇಪ್ಪತ್ತೊಂದು ರೊಟ್ಟಿ ಆಗುತ್ತವೆ. ನಿನ್ನ ಅತ್ತೆ ತಿನ್ನುವುದರ ಎರಡರಷ್ಟು ನನಗೆ. ನನಗಿಂತ ಒಂದೊಂದು ಹೆಚ್ಚು ಮೂವರು ಮಕ್ಕಳಿಗೆ. ನಿನಗೂ ಅತ್ತೆಯಷ್ಟೇ. ಉಳಿಯಬಾರದು. ಯಾರಿಗೆ ಎಷ್ಟು?

ಸೊಸೆ ಕಲ್ಲಿನ ಮೇಲೆ ಹರಡಿದ್ದ ಹಿಟ್ಟಿನಲ್ಲಿ ಬೆರಳಾಡಿಸಿದಳು. ಅತ್ತೆಯದು ಒಂದು ಪಾಲು ಎಂದಿಟ್ಟುಕೊಂಡಳು. ಮಾವನದು ಎರಡು ಪಾಲು. ಮೂವರು ಮಕ್ಕಳದು ಆರು ಪಾಲು, ಮೇಲೆ ಮೂರು ರೊಟ್ಟಿ. ತನ್ನದೊಂದು ಪಾಲು. ಇಪ್ಪತ್ತೊಂದರಲ್ಲಿ ಆ ಮೂರನ್ನು ತೆಗೆದಳು. ಉಳಿದದ್ದು ಹದಿನೆಂಟು ರೊಟ್ಟಿ, ಹಂಚಬೇಕಾದ ಪಾಲು ಹತ್ತು. ಸಮನಾಗಿ ಹೋಗಲಿಲ್ಲ.

ಹೊಸ ಮನೆ. ಮಾವ ಕಾದು ನಿಂತಿದ್ದಾನೆ. ತುಂಡು ತುಂಡಾದ ಉತ್ತರ ಹೇಳಲು ಅವಳಿಗೆ ನಾಚಿಕೆಯಾಯಿತು. ತನ್ನ ಪಾಲನ್ನು ಬೆರಳಿನಿಂದ ಒರೆಸಿಬಿಟ್ಟಳು. ಒಂಬತ್ತು ಪಾಲಿಗೆ ಹದಿನೆಂಟು, ಪಾಲಿಗೆ ಎರಡು. ಅತ್ತೆಗೆ ಎರಡು, ಮಾವನಿಗೆ ನಾಲ್ಕು, ಮಕ್ಕಳಿಗೆ ಐದೈದು ಎಂದಳು. ಕುಂಬಾರ ಕೂಡಿಸಿ ನೋಡಿದ. ಸರಿಯಾಗಿ ಇಪ್ಪತ್ತೊಂದು. ಹಿಗ್ಗಿ ಹೀರೇಕಾಯಿಯಾದ. ಒಬ್ಬರು ಕಡಿಮೆ ಇದ್ದದ್ದು ಆ ಹಿಗ್ಗಿನಲ್ಲಿ ಅವನಿಗೆ ಕಾಣಲಿಲ್ಲ.

ಅಂದಿನಿಂದ ಮನೆಯಲ್ಲಿ ಅದೇ ಲೆಕ್ಕ. ಎಲ್ಲರಿಗೂ ಬಡಿಸಿದ ಮೇಲೆ ಬುಟ್ಟಿ ಬರಿದು. ಸೊಸೆ ಪಾತ್ರೆಯ ತಳದ ಪಲ್ಯ ಬಳಿದು ತಿಂದು, ಎರಡು ತಂಬಿಗೆ ನೀರು ಕುಡಿದು ಏಳುವಳು. ಎರಡನೆಯ ದಿನ ಕೊಡ ಎತ್ತುವಾಗ ಕಣ್ಣಿಗೆ ಕತ್ತಲೆ ಬಂತು. ಆದರೂ ಬಾಯಿಬಿಡಲಿಲ್ಲ. ಮಾವ ಊರಿಗೆಲ್ಲ ಸರಿಯೆಂದು ಸಾರಿದ ಲೆಕ್ಕವನ್ನು ಈಗ ತಪ್ಪು ಎನ್ನುವುದು ಹೇಗೆ?

ಅತ್ತೆಗೆ ಹತ್ತರ ಮೇಲೆ ಎಣಿಸಲು ಬಾರದು. ಆದರೆ ಉಂಡವರ ಮುಖ ಯಾವುದು, ಉಣ್ಣದವರ ಮುಖ ಯಾವುದು ಎಂಬುದು ಅವಳಿಗೆ ತಿಳಿಯುತ್ತಿತ್ತು. ಮೂರನೆಯ ದಿನ ಗಂಡಸರು ಉಂಡು ಎದ್ದರೂ ಅವಳು ತನ್ನ ಎರಡು ರೊಟ್ಟಿ ಮುಟ್ಟದೆ ಕೂತಳು. ಸೊಸೆಯ ಕೈಹಿಡಿದು ಕೂರಿಸಿ, ಏನಾಗಿದೆ ಹೇಳು ಎಂದಳು.

ಸೊಸೆ ತಲೆ ತಗ್ಗಿಸಿ ಹೇಳಿದಳು: "ನನ್ನ ಪಾಲು ಸೇರಿಸಿದರ ಲೆಕ್ಕ ಪೂರಾ ಬರಂಗಿಲ್ರಿ ಅತ್ತಿ. ರೊಟ್ಟಿ ಮುರೀಬೇಕಾಗತೈತಿ."

"ಹುಚ್ಚಿ, ರೊಟ್ಟಿ ಇರೋದ ಮುರಕೊಂಡು ತಿನ್ನಾಕ," ಎಂದಳು ಅತ್ತೆ. ತನ್ನ ರೊಟ್ಟಿಯನ್ನು ಮುರಿದು ಮೊದಲ ತುತ್ತನ್ನು ತಾನೇ ಅವಳ ಬಾಯಿಗಿಟ್ಟಳು. ಸೊಸೆ ಅಳುತ್ತಲೇ ಅಗಿದಳು, ಅಗಿಯುತ್ತಲೇ ನಕ್ಕಳು. ಬಾಗಿಲಾಚೆ ಕೈತೊಳೆಯುತ್ತ ಇದನ್ನು ಕೇಳಿಸಿಕೊಂಡಿದ್ದ ಕುಂಬಾರ ಮರುದಿನ ತಾನಾಗಿ ಹಿಟ್ಟು ಹೆಚ್ಚು ತಂದಿಟ್ಟ.

ಕತೆ ಮುಗಿಯಿತು. ನಿಂಗಯ್ಯ ತನ್ನ ಹಲಗೆಯನ್ನೇ ನೋಡುತ್ತ ಕೂತಿದ್ದ. ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು:

"ನೀನು ಬಿಟ್ಟ ಸಾಲಿನಲ್ಲಿ ಯಾರಿದ್ದರಪ್ಪ?"

ನಿಂಗಯ್ಯನಿಗೆ ನೆನಪಾಗಲಿಲ್ಲ.