ಬೀಗರ ರೂಮು

ಮದುವೆಗೆ ಇನ್ನೂ ವಾರವಿತ್ತು. ಎರಡೂ ಕಡೆಯ ನೆಂಟರಿಗೆ ಹರಿಹರದ ಒಂದೇ ಲಾಡ್ಜು ಗೊತ್ತುಮಾಡಿದ್ದರು. ಮದುವೆ ಗಂಡಿನ ಸೋದರಮಾವ ಗುರುಪಾದಪ್ಪನವರು ಲಾಡ್ಜಿನ ಗುಮಾಸ್ತನ ಮುಂದೆ ಬಂದು ನಿಂತರು. ನಿಂತರು ಅನ್ನುವುದಕ್ಕಿಂತ ಬೀಗಿದರು ಅನ್ನಬೇಕು.

"ಹೊಳೆ ಕಾಣೋ ಮುಂದಿನ ರೂಮೆಲ್ಲ ನಮ್ಮವರಿಗೆ. ಜನರೇಟರ್ ಪಕ್ಕದ ಹಿಂದಿನ ರೂಮು ಬೀಗರಿಗೆ."

"ಹೆಣ್ಣಿನ ಅಜ್ಜಿಗೆ ಮೈ ಹುಷಾರಿಲ್ಲವಂತೆ ಸ್ವಾಮಿ. ಅವರಿಗೊಂದಾದರೂ ಮುಂದಿನ ರೂಮು..."

"ಗಂಡಿನ ಕಡೆಯವರು ನಾವು. ಹೇಳಿದಷ್ಟು ಮಾಡು. ಇಲ್ಲದಿದ್ರೆ ನಿಮ್ಮ ಓನರಿಗೆ ಹೇಳಿ ಕೆಲಸ ಬಿಡಿಸ್ತೀನಿ."

"ನಿಮ್ಮ ಮಾತನ್ನೇ ಬೋರ್ಡಿಗೆ ಬರೆಸ್ತೀನಿ ಬಿಡಿ," ಅಂದ ಗುಮಾಸ್ತ.

ಬರೆಸಿದ. ಒಂದಕ್ಷರ ಆಚೀಚೆ ಆಗಲಿಲ್ಲ. ಮುಂದಿನ ಸಾಲಿಗೆ 'ನಮ್ಮವರಿಗೆ', ಹಿಂದಿನ ಸಾಲಿಗೆ 'ಬೀಗರಿಗೆ'.

ಮದುವೆಯ ಹಿಂದಿನ ದಿನ ಹೆಣ್ಣಿನವರೇ ಮೊದಲು ಬಂದರು. ಅವರಿಗೆ ಬೀಗರೆಂದರೆ ಗಂಡಿನವರು ತಾನೆ? 'ನಮ್ಮವರಿಗೆ' ಅನ್ನುವ ಬೋರ್ಡು ಓದಿಕೊಂಡು, ಅಜ್ಜಿಯ ಕೈಹಿಡಿದು ಮುಂದಿನ ರೂಮು ಸೇರಿಕೊಂಡರು.

ಸಂಜೆ ಗುರುಪಾದಪ್ಪನವರ ದಂಡು ಇಳಿಯಿತು. ಹೆಣ್ಣಿನ ತಂದೆ ಕೈಮುಗಿದು, "ಬನ್ನಿ ಬೀಗರೇ, ನಿಮಗೆ ಅಂತಲೇ ಬೋರ್ಡು ಹಾಕಿಸಿದ್ದಾರೆ," ಎಂದು ಹಿಂದಕ್ಕೆ ಕರೆದೊಯ್ದರು. ಗುಮಾಸ್ತನೂ ಜೊತೆಗೆ ಬಂದ. ಜನರೇಟರ್ ಗುಡುಗುತ್ತಿತ್ತು.

"ಏನಯ್ಯಾ ಇದು? ಈ ರೂಮು ಇರೋದು..." ಎಂದು ಗುಮಾಸ್ತನತ್ತ ತಿರುಗಿದ ಗುರುಪಾದಪ್ಪನವರು ಮಾತನ್ನು ಅಲ್ಲಿಗೇ ತಡೆದರು. ಹೆಣ್ಣು ಕೊಡುವವರು ಎದುರಿಗೇ ಕೈಮುಗಿದು ನಿಂತಿರುವಾಗ 'ನಿಮಗೆ' ಅನ್ನುವುದು ಹೇಗೆ?

"ಯಾರಿಗೆ ಸ್ವಾಮಿ?" ಗುಮಾಸ್ತ ವಿನಯದಿಂದ ಕೇಳಿದ.

ಗುರುಪಾದಪ್ಪನವರು ಬೋರ್ಡಿನ ಕಡೆ ನೋಡಿದರು. "ಬೀಗರಿಗೆ," ಅಂದರು.

ಗುಮಾಸ್ತ ಬೀಗದ ಕೈಯನ್ನು ಬೀಗರ ಕೈಗಿಟ್ಟ.